ಖಾಡಿಯ ದಡದಲ್ಲಿ ಉಚಿತ ಪರಿಸರ ಪಾಠ: ಮುಂಬಯಿಯ ಕನ್ನಡ ಸಂಘಗಳಿಗೊಂದು ಸಮಗ್ರ ಮಾರ್ಗದರ್ಶಿ

ವಾಶಿಯಿಂದ ಮಾನಖುರ್ದ್ ಕಡೆಗೆ ಹೊರಟ ಲೋಕಲ್ ಸೇತುವೆ ಹತ್ತಿದ ಕೂಡಲೇ ಎರಡೂ ಬದಿಗೆ ಠಾಣೆ ಖಾಡಿ, ಅಂದರೆ ನೆಲದೊಳಗೆ ಚಾಚಿದ ಕಡಲಿನ ತೋಳು, ತೆರೆದುಕೊಳ್ಳುತ್ತದೆ. ದಡದುದ್ದಕ್ಕೂ ಹಸಿರು ಕಾಂಡ್ಲಾ (ಮ್ಯಾಂಗ್ರೋವ್) ಮರಗಳು, ಅವುಗಳ ಬುಡದಲ್ಲಿ ಕಪ್ಪು ಕೆಸರು. ನಮ್ಮ ಸಂಘದ ಮಕ್ಕಳು ಅದೇ ಗಾಡಿಯಲ್ಲಿ ಓಡಾಡಿ ಬೆಳೆದವರು. ಆ ಮರದ ಹೆಸರೇನು ಎಂದು ಒಮ್ಮೆ ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಅವರ ಅಜ್ಜಿಯರಿಗೆ ಗೊತ್ತಿತ್ತು. ಕುಂದಾಪುರ, ಮಲ್ಪೆ, ಕಾರವಾರದ ಅಳಿವೆಗಳಲ್ಲಿ ಅಂಥದೇ ಮರಗಳ ಬುಡದಲ್ಲಿ ಏಡಿ ಹಿಡಿದು ಬೆಳೆದವರು ಅವರು. ಆದರೆ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಖಾಡಿಯ ದಡದಲ್ಲಿ ಒಂದು ದಿನವೂ ನಿಂತಿರಲಿಲ್ಲ.

ಅವರನ್ನು ಅಲ್ಲಿ ನಿಲ್ಲಿಸುವ ಕೆಲಸವನ್ನು ನಾವು ಕೆಲವರು ಆರು ವರ್ಷಗಳಿಂದ ಮಾಡುತ್ತ ಬಂದಿದ್ದೇವೆ. ಬಂದವರಿಂದ ಒಂದು ರೂಪಾಯಿ ಶುಲ್ಕ ತೆಗೆದುಕೊಂಡಿಲ್ಲ. ಖರ್ಚು ಹೊತ್ತವರು ನಮ್ಮ ಸುತ್ತಲಿನ ಹೋಟೆಲಿನವರು, ಪ್ರಿಂಟಿಂಗ್ ಪ್ರೆಸ್ಸಿನವರು, ಔಷಧದಂಗಡಿಯವರು. ಈ ಆರು ವರ್ಷಗಳಲ್ಲಿ ಕಲಿತದ್ದನ್ನು ಬೇರೆ ಸಂಘದವರಿಗೆ, ರಾತ್ರಿ ಶಾಲೆಗಳನ್ನು ನಡೆಸುವವರಿಗೆ, ಸೊಸೈಟಿಯ ಮಹಿಳಾ ಮಂಡಳಿಗಳಿಗೆ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ಜಾಗ

ಮೊದಲ ಸಲ ಹೊರಡುವವರು ಶೌಚಾಲಯ ಮತ್ತು ನೆರಳು ಇರುವ ಜಾಗವನ್ನೇ ಆರಿಸಿಕೊಳ್ಳಿ. ವಯಸ್ಸಾದ ಹೆಂಗಸರು ಬರಬೇಕೆಂದಿದ್ದರೆ ಶೌಚಾಲಯದ ಪ್ರಶ್ನೆಯೇ ಮೊದಲನೆಯದು.

ನನ್ನ ಮೊದಲ ಆಯ್ಕೆ ಧಾರಾವಿಯ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕ್. ಸಾಯನ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಒಂದು ಕಾಲಕ್ಕೆ ಊರಿನ ಕಸ ಸುರಿಯುತ್ತಿದ್ದ ಗುಡ್ಡೆ ಅದು. ಅದರ ಮೇಲೆ ಮಣ್ಣು ಹಾಕಿ, ಗಿಡ ನೆಟ್ಟು, 37 ಎಕರೆ ಕಾಡು ಬೆಳೆಸಿ 1994ರಲ್ಲಿ ಜನರಿಗೆ ತೆರೆದರು. ಅಂಚಿನಲ್ಲಿ ಮೀಠಿ ನದಿ, ಅದರ ದಡದಲ್ಲಿ ಕಾಂಡ್ಲಾ. ಕಸದ ಗುಡ್ಡೆ ಕಾಡಾದದ್ದನ್ನು ಕಣ್ಣಿಂದಲೇ ನೋಡಿದ ಮಗುವಿಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ಎರಡನೆಯದು ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರ. ಠಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಘೋಷಣೆಯಾಯಿತು, 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಕಾಂಡ್ಲಾ ಕಾಡು ಮತ್ತು ನೀರು ಸೇರಿ ಸುಮಾರು 1,690 ಹೆಕ್ಟೇರ್. ನವೆಂಬರಿನಿಂದ ಮೇ ತನಕ ಫ್ಲೆಮಿಂಗೊಗಳು ಇರುತ್ತವೆ. ಇಲ್ಲಿ ಪ್ರವೇಶಕ್ಕೂ ಬೋಟಿಗೂ ಟಿಕೆಟ್ ಇರುವುದರಿಂದ ಪ್ರಾಯೋಜಕರ ನೆರವು ನಿಜವಾಗಿ ಬೇಕಾಗುವುದು ಈ ಜಾಗಕ್ಕೆ.

ಬಂಡೆಗಳ ನಡುವಿನ ಕಡಲ ಜೀವಿಗಳನ್ನು ನೋಡುವ ಆಸೆಯಿದ್ದರೆ ಬಾಂದ್ರಾದ ಕಾರ್ಟರ್ ರೋಡ್ ಅಥವಾ ಹಾಜಿ ಅಲಿ ಕಡೆಯ ದಡಕ್ಕೆ ಹೋಗಬಹುದು. ಮರೈನ್ ಲೈಫ್ ಆಫ್ ಮುಂಬಯಿ ಎಂಬ ಗುಂಪು 2017ರಿಂದ ಇಂಥ ದಡಗಳಲ್ಲಿ ಜನರನ್ನು ನಡೆಸಿಕೊಂಡು ಹೋಗುತ್ತಿದೆ. ನೀವು ಸಂಘಟಿಸುವ ಮೊದಲು ಅವರ ಜೊತೆ ಒಮ್ಮೆ ನಡೆದು ಬನ್ನಿ. ಕಾಡಿನ ಆಸೆಯಿದ್ದವರಿಗೆ ಬೊರಿವಲಿಯ ರಾಷ್ಟ್ರೀಯ ಉದ್ಯಾನವಿದೆ, ಗೋರೆಗಾಂವ್ ಫಿಲ್ಮ್ ಸಿಟಿಯ ಬಳಿ ನಿಸರ್ಗ ಅಧ್ಯಯನದ ಸಂಸ್ಥೆಯಾದ ಬಿಎನ್‌ಎಚ್‌ಎಸ್‌ನವರ ಶಿಕ್ಷಣ ಕೇಂದ್ರವಿದೆ. ನಾನು ಖಾಡಿಯ ಬಗ್ಗೆಯೇ ಹೆಚ್ಚು ಬರೆಯುತ್ತೇನೆ, ನನ್ನ ಅನುಭವ ಇರುವುದು ಅಲ್ಲಿ.

ದಿನ ಗೊತ್ತುಮಾಡಲು ಪಂಚಾಂಗ ತೆಗೆಯಿರಿ

ರಜೆ ನೋಡಿ ದಿನ ಇಟ್ಟುಕೊಂಡರೆ ದಡಕ್ಕೆ ಹೋದಾಗ ಎದುರಿಗೆ ಬರೀ ನೀರಿರುತ್ತದೆ. ಕೆಸರು, ಏಡಿ, ಬೇರು ಕಾಣಬೇಕಾದರೆ ಇಳಿತ ಬೇಕು. ಹಕ್ಕಿಗಳು ದಡದ ಹತ್ತಿರ ಬರಬೇಕಾದರೆ, ಬೋಟು ಓಡಬೇಕಾದರೆ ಉಬ್ಬರ ಬೇಕು. ಮರಾಠಿಯಲ್ಲಿ ಇವಕ್ಕೆ ಓಹೋಟಿ, ಭರತಿ ಎನ್ನುತ್ತಾರೆ.

ಕೊಂಕಣದ ದಡದ ಹಳಬರ ಲೆಕ್ಕವೊಂದಿದೆ: ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಉಬ್ಬರದ ಹೊತ್ತು ಸಿಗುತ್ತದೆ. ಚೌತಿಯಂದು ನಾಲ್ಕರ ಮುಕ್ಕಾಲು ಪಾಲು ಮೂರು, ಉಬ್ಬರ ಸುಮಾರು ಮೂರು ಗಂಟೆಗೆ. ಅಷ್ಟಮಿಯಂದು ಆರಕ್ಕೆ. ಹುಣ್ಣಿಮೆ, ಅಮಾವಾಸ್ಯೆಗೆ ಹದಿನೈದು ಎಂದು ಹಿಡಿದರೆ ಹನ್ನೊಂದೂಕಾಲು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರವಾದ ಸುಮಾರು ಆರು ಗಂಟೆಗಳ ಮೇಲೆ ಇಳಿತ. ಈ ಲೆಕ್ಕದ ಪ್ರಕಾರ:

ಬಿದಿಗೆ, ತದಿಗೆ ಭಾನುವಾರ ಬಂದರೆ ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯೊಳಗೆ ಇಳಿತ. ಮಕ್ಕಳು, ಮನೆಮಂದಿ ಸೇರಿ ಬರಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಹತ್ತಿರವಾದ್ದರಿಂದ ನೀರೂ ಚೆನ್ನಾಗಿ ಹಿಂದೆ ಸರಿದಿರುತ್ತದೆ.

ಏಕಾದಶಿಯಿಂದ ತ್ರಯೋದಶಿಯವರೆಗೆ ಬೆಳಿಗ್ಗೆ ಎಂಟೂಕಾಲರಿಂದ ಹತ್ತರೊಳಗೆ ಉಬ್ಬರ. ಫ್ಲೆಮಿಂಗೊ ನೋಡಲು ಇದು ಸರಿ.

ದ್ವಾದಶಿಯಿಂದ ಚತುರ್ದಶಿಯವರೆಗೆ ಮಧ್ಯಾಹ್ನ ಮೂರರಿಂದ ಐದರೊಳಗೆ ಇಳಿತ. ಹೋಟೆಲಿನ ಹುಡುಗರಿಗೆ ಇದೇ ಸರಿಯಾದ ದಿನ. ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಅವರಿಗೆ ಸಿಗುವ ಬಿಡುವು ಅಷ್ಟೇ. ಭಾನುವಾರ ಬೆಳಿಗ್ಗೆ ಬನ್ನಿ ಎಂದು ಅವರನ್ನು ಕರೆದರೆ ಅದು ಕರೆದಂತೆಯೇ ಅಲ್ಲ.

ಇದು ಅಂದಾಜಿನ ಲೆಕ್ಕ. ಖಾಡಿಯ ಒಳಗೆ ಹೋದ ಹಾಗೆ ನೀರು ತಡವಾಗಿ ಏರುತ್ತದೆ. ಆದ್ದರಿಂದ ದಿನವನ್ನು ಪಂಚಾಂಗದಿಂದ ಆರಿಸಿ, ನಿಮಿಷವನ್ನು ಆ ದಿನದ ಉಬ್ಬರ-ಇಳಿತದ ಪಟ್ಟಿಯಿಂದ ಖಾತ್ರಿ ಮಾಡಿಕೊಳ್ಳಿ. ಹಿಂದಿನ ಪಕ್ಷದ ಅದೇ ತಿಥಿಯಂದು ನೀವೇ ಹೋಗಿ ನೋಡಿ ಬಂದರೆ ಇನ್ನೂ ಒಳ್ಳೆಯದು.

ಮಳೆಗಾಲದಲ್ಲಿ ದಡಕ್ಕೆ ಹೋಗಬೇಡಿ. ಜುಲೈ 26 ಅಂತರರಾಷ್ಟ್ರೀಯ ಕಾಂಡ್ಲಾ ದಿನ. ಮುಂಬಯಿಯಲ್ಲಿ ಆ ತಾರೀಖಿಗೆ ಬೇರೊಂದು ನೆನಪೂ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಮಧ್ಯಾಹ್ನದ ದೊಡ್ಡ ಉಬ್ಬರದಿಂದ ಆ ನೀರಿಗೆ ಹರಿದು ಹೋಗಲು ದಾರಿಯಿಲ್ಲದಾಯಿತು. ಪ್ರತಿ ವರ್ಷ ಆ ತಾರೀಖಿಗೆ ನಾವು ಸಂಘದ ಸಭಾಂಗಣದಲ್ಲೇ ಸೇರುತ್ತೇವೆ. ಸೊಂಟಮಟ್ಟದ ನೀರಲ್ಲಿ ಕುರ್ಲಾದಿಂದ ನಡೆದು ಮನೆ ಸೇರಿದವರು, ರಾತ್ರಿಯಿಡೀ ಹೋಟೆಲಿನ ಬಾಗಿಲು ತೆರೆದಿಟ್ಟು ಚಹಾ ಕೊಟ್ಟವರು ಮಾತಾಡುತ್ತಾರೆ. ಆಮೇಲೆ ಊರಿನ ನಕ್ಷೆ ಬಿಡಿಸಿ ಮೀಠಿ ಎಲ್ಲಿ ಹುಟ್ಟುತ್ತದೆ, ಮಾಹಿಮಿನಲ್ಲಿ ಎಲ್ಲಿ ಕಡಲು ಸೇರುತ್ತದೆ, ದಾರಿಯಲ್ಲಿ ಎಷ್ಟು ಕಡೆ ಇಕ್ಕಟ್ಟಾಗಿದೆ ಎಂದು ಮಕ್ಕಳೇ ಬೆರಳಿಟ್ಟು ತೋರಿಸುವಂತೆ ಮಾಡುತ್ತೇವೆ.

ಅನುಮತಿ

ನೇಚರ್ ಪಾರ್ಕ್, ಐರೋಲಿ ಕೇಂದ್ರ, ರಾಷ್ಟ್ರೀಯ ಉದ್ಯಾನ ಮೂರಕ್ಕೂ ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಡಿ: ಎಷ್ಟು ಜನ, ಎಷ್ಟು ಮಕ್ಕಳು, ಯಾವ ಹೊತ್ತು, ಜವಾಬ್ದಾರರು ಯಾರು. ಕನಿಷ್ಠ ಮೂರು ವಾರ ಮೊದಲು ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ದಡ ಸ್ವಚ್ಛ ಮಾಡುವ ಕೆಲಸವೂ ಸೇರಿದ್ದರೆ ಮಹಾನಗರಪಾಲಿಕೆಯ ವಾರ್ಡ್ ಆಫೀಸಿಗೆ ತಿಳಿಸಿ, ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಹೆಕ್ಕಿದ ಕಸವನ್ನು ಚೀಲದಲ್ಲಿ ಕಟ್ಟಿ ದಡದಲ್ಲೇ ಬಿಟ್ಟು ಬಂದರೆ ಮುಂದಿನ ಉಬ್ಬರಕ್ಕೆ ಅದು ಮತ್ತೆ ನೀರಿಗೇ ಹೋಗುತ್ತದೆ.

ಕಾಂಡ್ಲಾದ ಕೊಂಬೆ ಮುರಿಯುವುದು, ಸಸಿ ಕೀಳುವುದು ಕೂಡದು. ಬಾಂಬೆ ಹೈಕೋರ್ಟ್ 2005ರಲ್ಲಿ ಮಧ್ಯಂತರ ಆದೇಶದಿಂದ, 2018ರಲ್ಲಿ ಅಂತಿಮ ತೀರ್ಪಿನಿಂದ ರಾಜ್ಯದಾದ್ಯಂತ ಕಾಂಡ್ಲಾ ನಾಶವನ್ನು ನಿಷೇಧಿಸಿದೆ. ಇದನ್ನು ಬಂದವರಿಗೂ ಹೇಳಿ. ತಮ್ಮ ಬಡಾವಣೆಯ ಪಕ್ಕದ ಖಾಡಿಗೆ ರಾತ್ರಿ ಮಣ್ಣು ಸುರಿಯುವುದನ್ನು ನೋಡಿದವರು ನಿಮ್ಮ ಗುಂಪಿನಲ್ಲೇ ಇರುತ್ತಾರೆ. ಅದು ಕಾನೂನಿಗೆ ವಿರುದ್ಧ ಎಂಬುದು ಎಷ್ಟೋ ಸಲ ಅವರಿಗೆ ಗೊತ್ತಿರುವುದಿಲ್ಲ.

ಪ್ರಾಯೋಜಕರಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು

ನಮ್ಮ ಎರಡನೆಯ ವರ್ಷ ಒಬ್ಬರೇ ಇಡೀ ಖರ್ಚು ಕೊಡಲು ಮುಂದೆ ಬಂದರು. ಸಂತೋಷದಿಂದ ಒಪ್ಪಿಕೊಂಡೆವು. ಆ ಬೆಳಿಗ್ಗೆ ಅವರ ಕಡೆಯವರು ಮೊದಲೇ ಬಂದು ಮರದಿಂದ ಮರಕ್ಕೆ ಫ್ಲೆಕ್ಸ್ ಕಟ್ಟಿದ್ದರು. ಪ್ಲಾಸ್ಟಿಕ್ಕಿನ ಚಿಕ್ಕ ನೀರಿನ ಬಾಟಲಿಗಳು ಪೆಟ್ಟಿಗೆಗಟ್ಟಲೆ ಇದ್ದವು. ಸ್ವಾಗತ, ಸನ್ಮಾನ, ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ನೀರು ಏರಿ ಕೆಸರು ಮುಚ್ಚಿತ್ತು. ಒಂದು ಹುಡುಗಿ ಖಾಲಿ ಬಾಟಲಿ ಹಿಡಿದುಕೊಂಡು, ಇದನ್ನು ಎಲ್ಲಿ ಹಾಕಲಿ ಅಂಕಲ್ ಎಂದು ಕೇಳಿದಳು. ಅಲ್ಲಿ ಕಸದ ಬುಟ್ಟಿಯೇ ಇರಲಿಲ್ಲ. ಬಹಳ ನೋವಾಯಿತು. ತಪ್ಪು ಅವರದೊಂದೇ ಆಗಿರಲಿಲ್ಲ. ಏನು ಬೇಕು, ಏನು ಬೇಡ ಎಂದು ನಾವು ಬಾಯಿಬಿಟ್ಟು ಹೇಳಿರಲಿಲ್ಲ.

ಅಂದಿನಿಂದ ನಾವು ಹಣ ಕೇಳುವುದನ್ನೇ ಬಿಟ್ಟೆವು. ಸಾಮಾನು ಕೇಳುತ್ತೇವೆ, ಅದನ್ನೂ ಹತ್ತು ಜನರಲ್ಲಿ ಚೂರುಚೂರಾಗಿ ಹಂಚಿ ಕೇಳುತ್ತೇವೆ. ಅರವತ್ತು ಜನರ ಒಂದು ಬೆಳಿಗ್ಗೆಗೆ ಬೇಕಾಗುವುದು ಇಷ್ಟು: 180 ಇಡ್ಲಿ ಮತ್ತು ಚಟ್ನಿ, ತಿಂಡಿಗೆ ಸ್ಟೀಲ್ ತಟ್ಟೆ-ಲೋಟ, 20 ಲೀಟರಿನ ಮೂರು ನೀರಿನ ಕ್ಯಾನ್, ಎರಡು ಫ್ಲಾಸ್ಕ್ ಚಹಾ, ಹೆಸರುಪಟ್ಟಿಯ 60 ಪ್ರತಿ, ಪೆನ್ಸಿಲ್, ಪ್ರಥಮ ಚಿಕಿತ್ಸೆಯ ಡಬ್ಬಿ, ಹತ್ತು ಭೂತಗನ್ನಡಿ, ಹಗ್ಗ, ಒಂದು ಬಟ್ಟೆಯ ಬ್ಯಾನರ್. ಹೀಗೆ ಬಿಡಿಸಿ ನೋಡಿದರೆ ಯಾರಿಗೂ ಭಾರವಾಗುವ ಖರ್ಚು ಇದರಲ್ಲಿಲ್ಲ. ಒಬ್ಬರು ಹಿಂದೆ ಸರಿದರೂ ಕಾರ್ಯಕ್ರಮ ನಿಲ್ಲುವುದಿಲ್ಲ. ತಮ್ಮದೇ ಕಾರ್ಯಕ್ರಮ ಎಂದು ಹಿಡಿದೆಳೆಯುವಷ್ಟು ಯಾರೂ ಕೊಟ್ಟಿರುವುದೂ ಇಲ್ಲ.

ಹೋಟೆಲಿಗೆ ಹೋಗುವುದಾದರೆ ಮಧ್ಯಾಹ್ನ ಮೂರೂವರೆಗೆ ಹೋಗಿ. ಗಲ್ಲಾದಲ್ಲಿ ಧನಿಗಳು ಸ್ವಲ್ಪ ಹಗುರಾಗಿರುತ್ತಾರೆ. ಮಾತು ನೇರವಾಗಿರಲಿ.

“ಶೆಟ್ರೇ, ಹಣ ಕೇಳ್ಲಿಕ್ಕೆ ಬಂದದ್ದಲ್ಲ. ಬರುವ ಆದಿತ್ಯವಾರ ಬೆಳಿಗ್ಗೆ ಒಂಬತ್ತೂವರೆಗೆ ನೂರೆಂಬತ್ತು ಇಡ್ಲಿ ಬೇಕಿತ್ತು. ಡಬ್ಬ ನಾವೇ ತರ್ತೇವೆ.”

“ಚಟ್ನಿ ಸಾಕಾ, ಸಾಂಬಾರೂ ಬೇಕಾ?”

ಮಾತು ಚಟ್ನಿ-ಸಾಂಬಾರಿಗೆ ಬಂದಿತೆಂದರೆ ಕೆಲಸ ಆದಂತೆ. ಕೂಡಲೇ ಇನ್ನೊಂದು ಮಾತನ್ನೂ ಕೇಳಿ: ನಿಮ್ಮ ಹುಡುಗರಲ್ಲಿ ನಾಲ್ಕು ಜನರನ್ನು ಮಧ್ಯಾಹ್ನದ ಇಳಿತದ ಪಾಠಕ್ಕೆ ಕಳಿಸಿಕೊಡುತ್ತೀರಾ? ನನ್ನ ಪಾಲಿಗೆ ಇಡ್ಲಿಗಿಂತ ದೊಡ್ಡ ಕೊಡುಗೆ ಅದು.

ಒಪ್ಪಿದ ಮೇಲೆ ಒಂದೇ ಪುಟದ ಪತ್ರ ಕೊಡಿ. ನಮ್ಮ ಪತ್ರದ ಒಕ್ಕಣೆ ಹೀಗಿದೆ, ಬೇಕಾದವರು ಹಾಗೆಯೇ ಬಳಸಬಹುದು:

“ತಾವು ಈ ಕಾರ್ಯಕ್ರಮಕ್ಕೆ (ಸಾಮಾನು, ಪ್ರಮಾಣ) ಕೊಡಲು ಒಪ್ಪಿದ್ದಕ್ಕೆ ಕೃತಜ್ಞರಾಗಿದ್ದೇವೆ. ತಮ್ಮ ಹೆಸರನ್ನು ಬಟ್ಟೆಯ ಬ್ಯಾನರಿನಲ್ಲಿ ಉಳಿದ ದಾನಿಗಳ ಹೆಸರಿನೊಂದಿಗೆ ಒಂದೇ ಅಳತೆಯ ಅಕ್ಷರದಲ್ಲಿ ಬರೆಯುತ್ತೇವೆ, ತಿಂಡಿಯ ಹೊತ್ತಿಗೆ ಓದಿ ಹೇಳುತ್ತೇವೆ. ದಡದಲ್ಲಿ, ಮರಗಳ ಮೇಲೆ ಯಾವ ಫಲಕವನ್ನೂ ಕಟ್ಟುವುದಿಲ್ಲ. ಕರಪತ್ರ, ಸ್ಯಾಂಪಲ್ ಹಂಚುವುದಿಲ್ಲ. ಬಂದವರ ಫೋನ್ ನಂಬರನ್ನು ಯಾರಿಗೂ ಕೊಡುವುದಿಲ್ಲ. ಹೆತ್ತವರ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೊ ತೆಗೆಯುವುದಿಲ್ಲ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತರಬಾರದೆಂದು ವಿನಂತಿ.”

ಈ ಪತ್ರ ನೋಡಿ ಬೇಸರಪಟ್ಟವರು ಈ ವರ್ಷಗಳಲ್ಲಿ ಒಬ್ಬಿಬ್ಬರೇ. ಬಟ್ಟೆಯ ಬ್ಯಾನರ್ ಎಂದದ್ದಕ್ಕೆ ಕಾನೂನಿನ ಕಾರಣವೂ ಇದೆ. 2022ರ ಜುಲೈ 1ರಿಂದ ದೇಶದಾದ್ಯಂತ 100 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್, ಪಿವಿಸಿ ಬ್ಯಾನರುಗಳಿಗೆ ನಿಷೇಧವಿದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೂ ಇದೆ. ನಮ್ಮ ಬ್ಯಾನರಿನಲ್ಲಿ ತಾರೀಖು ಬರೆಯುವುದಿಲ್ಲ, ದಾನಿಗಳ ಹೆಸರನ್ನು ಪ್ರತ್ಯೇಕ ಪಟ್ಟಿಗಳಲ್ಲಿ ಬರೆದು ಪಿನ್ ಮಾಡುತ್ತೇವೆ. ನಾಲ್ಕು ವರ್ಷದಿಂದ ಅದೇ ಬ್ಯಾನರ್ ನಡೆಯುತ್ತಿದೆ.

ತೆರಿಗೆಯ ಮಾತು ಬಂದರೆ ಪ್ರಾಮಾಣಿಕವಾಗಿ ಹೇಳಿ. 80ಜಿ ಎಂದೇ ಹೆಸರಾದ, ದಾನಿಗಳಿಗೆ ಸಿಗುವ ಆದಾಯ ತೆರಿಗೆಯ ವಿನಾಯಿತಿ ಹಣಕ್ಕೆ ಮಾತ್ರ, ಇಡ್ಲಿಗೆ ಸಿಗದು. ಹಣವಾದರೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಸಿಗುವುದಿಲ್ಲ, ಚೆಕ್ ಅಥವಾ ಬ್ಯಾಂಕಿನ ಮೂಲಕವೇ ಕೊಡಬೇಕು. ಸಂಘಕ್ಕೆ ಆ ನೋಂದಣಿಯೂ ಇರಬೇಕು. ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡಬೇಕಾದ ಹಣ) ಕೇಳೋಣ ಎಂದು ಕೆಲವರು ಸಲಹೆ ಕೊಡುತ್ತಾರೆ. ಕಾಯಿದೆಯ ಪ್ರಕಾರ ಅದು ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಅಥವಾ 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿಗಳ ಮಾತು. ಅರವತ್ತು ಜನರ ಬೆಳಿಗ್ಗೆಗೆ ಆ ಕಾಗದಪತ್ರದ ಹೊರೆ ಬೇಡ ಎಂಬುದು ನನ್ನ ಅಭಿಪ್ರಾಯ.

ಎಲ್ಲರಿಂದಲೂ ತೆಗೆದುಕೊಳ್ಳಬೇಡಿ. ಖಾಡಿಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸುವವರ ಚಹಾ ಕುಡಿದು ಅದೇ ಖಾಡಿಯ ಪಾಠ ಹೇಳಲಾಗದು. ತಂಬಾಕು, ಗುಟ್ಕಾದವರೂ ಬೇಡ.

ಪಾಠ

ಹದಿನೈದು ಜನಕ್ಕೆ ಒಬ್ಬರು ಮಾರ್ಗದರ್ಶಕರಿರಲಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಕಲಿಸುವವರು ಸಿಕ್ಕರೆ ಒಳ್ಳೆಯದು. ಅವರ ಜೊತೆ ಪ್ರತಿ ಗುಂಪಿಗೂ ಕಡಲಿನ ಕಡೆಯ ಒಬ್ಬ ಹಿರಿಯರನ್ನು ನಿಲ್ಲಿಸಿ. ಮೊಗವೀರ ಸಮಾಜದ ಹಿರಿಯರು, ಇಲ್ಲಿನ ಕೋಳಿವಾಡದ (ಮೀನುಗಾರರ ಕೇರಿಯ) ಹೆಂಗಸರು ಹೇಳುವುದು ಯಾವ ಚಾರ್ಟಿನಲ್ಲೂ ಇರುವುದಿಲ್ಲ.

ಹೆಸರುಪಟ್ಟಿ ಒಂದೇ ಹಾಳೆಯದಾಗಿರಲಿ. ನಮ್ಮವರು ಹೇಳುವ ಹೆಸರು ಒಂದು ಕಡೆ, ಮರಾಠಿಯ ಹೆಸರು ಇನ್ನೊಂದು ಕಡೆ. ಕಾಂಡ್ಲಾದಲ್ಲೇ ಇಲ್ಲಿ ಹೆಚ್ಚಾಗಿ ಕಾಣುವುದು ತಿವರ್. ಪಾಂಢರಿ ಚಿಪ್ಪಿ ಎಂಬ ಇನ್ನೊಂದು ಜಾತಿಯನ್ನು ಮಹಾರಾಷ್ಟ್ರ 2020ರಲ್ಲಿ ರಾಜ್ಯದ ಕಾಂಡ್ಲಾ ಮರವೆಂದು ಘೋಷಿಸಿತು. ಕೆಸರಿನ ಮೇಲೆ ಕುಪ್ಪಳಿಸುವ ಮೀನಿಗೆ ಮರಾಠಿಯಲ್ಲಿ ನಿವಟಿ. ಏಡಿ ತುಳುವಿನಲ್ಲಿ ಡೆಂಜಿ, ಇಲ್ಲಿ ಚಿಂಬೋರಿ. ಮೂರನೆಯ ಕಡೆ ಖಾಲಿ ಬಿಡಿ. ಕಲಬುರಗಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಯವರು ತಮ್ಮ ಊರಿನ ಹೊಳೆದಂಡೆಯಲ್ಲಿ ಕಂಡದ್ದನ್ನು ಅಲ್ಲಿ ಬರೆಯುತ್ತಾರೆ.

ಹೇಳುವ ವಿಷಯ ಹೆಚ್ಚು ಬೇಡ, ಒಂದು ಮರದ ಎದುರು ಇಪ್ಪತ್ತು ನಿಮಿಷ ನಿಲ್ಲಿ. ನಾವು ನಿಲ್ಲುವುದು ದಾರಿಯ ಅಂಚಿನಲ್ಲೇ ಕೈಗೆ ಸಿಗುವ ತಿವರ್ ಮರದ ಬಳಿ. ಮೊದಲು ಎಲೆಯ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಿ ಎನ್ನುತ್ತೇವೆ. ಚಳಿಗಾಲದ, ಬೇಸಿಗೆಯ ಬೆಳಿಗ್ಗೆಗಳಲ್ಲಿ ಸಣ್ಣ ಬಿಳಿ ಹರಳುಗಳು ಕಾಣುತ್ತವೆ. ಹಿಂದಿನ ವರ್ಷ ಒಂದು ಹೋಟೆಲಿನ ಹುಡುಗ, ಬೈಂದೂರು ಕಡೆಯವನು, ಬೆರಳಿನಿಂದ ಉಜ್ಜಿ ಬೆಳಕಿಗೆ ಹಿಡಿದು, “ಉಪ್ಪು ಮಾರ್ರೆ ಇದು!” ಎಂದ. ಮರ ಬೇರಿನಿಂದ ಉಪ್ಪುನೀರು ಎಳೆದುಕೊಂಡು, ಬೇಡದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕುತ್ತದೆ ಎಂದು ನಾವು ಹೇಳಬೇಕಾದದ್ದು ಆಮೇಲೆ. ನಾಲಿಗೆಗೆ ಮಾತ್ರ ಇಡಿಸಬೇಡಿ, ಈ ಖಾಡಿಗೆ ಊರಿನ ಕೊಳಚೆಯೂ ಸೇರುತ್ತದೆ.

ಆಮೇಲೆ ನೆಲ. ಪೆನ್ಸಿಲಿನ ಹಾಗೆ ಕೆಸರಿನಿಂದ ಮೇಲಕ್ಕೆದ್ದ ಕಡ್ಡಿಗಳು ಬೇರುಗಳೇ. ಕೆಸರಿನೊಳಗೆ ಗಾಳಿಯಿಲ್ಲದ್ದರಿಂದ ಮರ ಮೇಲಿನಿಂದ ಉಸಿರೆಳೆದುಕೊಳ್ಳುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಗಾಳಿಯಿಲ್ಲದ ಕೆಸರಿನದು. ಮಕ್ಕಳು ಮೂಗು ಮುಚ್ಚಿಕೊಂಡಾಗಲೇ ಇದನ್ನು ಹೇಳಿ. ಏಡಿ ಬಿಲ ತೋಡಿದಾಗ ಆ ಕೆಸರಿಗೆ ಗಾಳಿ ಹೋಗುತ್ತದೆ. ಬೇರುಗಳ ನಡುವೆ ಮೀನು, ಸಿಗಡಿಯ ಮರಿಗಳು ಬೆಳೆಯುತ್ತವೆ. ಮಾರುಕಟ್ಟೆಯ ಬುಟ್ಟಿಗೂ ಈ ಕೆಸರಿಗೂ ಇರುವ ನಂಟನ್ನು ಹೇಳುವುದನ್ನು ಅಜ್ಜಿಯರಿಗೆ ಬಿಡಿ.

ಕೊನೆಯಲ್ಲಿ ಲೆಕ್ಕದ ಆಟ. ನಾಲ್ಕು ಮೀಟರ್ ಹಗ್ಗದಿಂದ ಗಟ್ಟಿ ನೆಲದ ಅಂಚಿಗೆ ಒಂದು ಮೀಟರಿನ ಚೌಕ ಮಾಡಿ, ಅದರೊಳಗಿನ ಏಡಿ ಬಿಲ, ಉಸಿರುಬೇರು, ಪ್ಲಾಸ್ಟಿಕ್ ಚೂರು ಎಣಿಸಿ ಬರೆಸಿ. ಪ್ರತಿ ಸಲವೂ ಅದೇ ಜಾಗದಲ್ಲಿ ಚೌಕ ಹಾಕಿ.

ಸುರಕ್ಷೆ, ಹಾಜರಿ

ಕೆಸರಿಗೆ ಯಾರೂ ಇಳಿಯಬಾರದು, ಮೊಣಕಾಲಿನ ತನಕ ಹೂತುಹೋಗುತ್ತದೆ. ಹಿಂದೆ ಪಟ್ಟಿಯಿರುವ ಚಪ್ಪಲಿ ಅಥವಾ ಶೂ ಕಡ್ಡಾಯ. ಗುಂಪಿನ ಮುಂದೊಬ್ಬರು, ಹಿಂದೊಬ್ಬರು. ಹೊರಡುವಾಗ, ತಿಂಡಿಗೆ, ವಾಪಸಾಗುವಾಗ ಮೂರು ಸಲ ತಲೆ ಎಣಿಸಿ. ಇಳಿತದ ಹೊತ್ತು ಕಳೆದು ಮುಕ್ಕಾಲು ಗಂಟೆಗೆ ಎಲ್ಲರೂ ದಡದಿಂದ ಮೇಲೆ ಬಂದಿರಬೇಕು. ತಿಂಡಿ ಆಮೇಲೆಯೇ.

ಉಚಿತವೆಂದರೆ ಹೆಸರು ಕೊಟ್ಟವರೆಲ್ಲ ಬರುವುದಿಲ್ಲ. ಒಮ್ಮೆ ಎಪ್ಪತ್ತು ಹೆಸರು ಬಂದಿತ್ತು, ಬಂದವರು ನಲವತ್ತು. ಉಳಿದ ಇಡ್ಲಿಯನ್ನು ಹತ್ತಿರದ ಕೂಲಿ ನಾಕಾದಲ್ಲಿ ಹಂಚಿದೆವು, ಆದರೂ ಕೊಟ್ಟವರ ಮುಂದೆ ನಾಚಿಕೆಯಾಯಿತು. ಈಗ ಗುರುವಾರ ಸಂಜೆ ಪ್ರತಿಯೊಬ್ಬರಿಗೂ ಫೋನ್ ಮಾಡುತ್ತೇವೆ, ಶುಕ್ರವಾರ ಇಡ್ಲಿಯ ಲೆಕ್ಕ ಹೇಳುತ್ತೇವೆ. ವಾಟ್ಸಾಪ್ ಮೆಸೇಜಿಗೆ ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ, ಅದನ್ನು ನಂಬಿ ಅಡುಗೆ ಹೇಳಬೇಡಿ.

ಹೋಗುವುದು ಬರುವುದು ಲೋಕಲಿನಲ್ಲೇ ಆಗಲಿ. ಐರೋಲಿಗೆ ಠಾಣೆಯಿಂದ ನೇರ ಗಾಡಿಯಿದೆ. ಬಸ್ಸಿನ ಖರ್ಚು ಉಳಿದರೆ ಅದೇ ಹಣದಲ್ಲಿ ಎಷ್ಟೋ ಮಕ್ಕಳ ಬೋಟಿನ ಟಿಕೆಟ್ ಆಗುತ್ತದೆ.

ಮುಗಿದ ಮೇಲೆ

ಒಂದು ವಾರದೊಳಗೆ ಲೆಕ್ಕ ಕೊಡಿ: ಯಾರು ಏನು ಕೊಟ್ಟರು, ಎಷ್ಟು ಬಳಕೆಯಾಯಿತು, ಎಷ್ಟು ಉಳಿಯಿತು. ಇಡ್ಲಿಯೂ ಪೆನ್ಸಿಲೂ ಆ ಪಟ್ಟಿಯಲ್ಲಿರಲಿ. ಕೊಟ್ಟವರಿಗೆಲ್ಲ ಅದರ ಪ್ರತಿ ಹೋಗಲಿ.

ಶಾಲು, ಸ್ಮರಣಿಕೆ ನಾವು ಕೊಡುವುದಿಲ್ಲ. ಮಕ್ಕಳು ಬರೆದ ಹಾಳೆಗಳಲ್ಲಿ ಒಂದನ್ನು ಕೊಡುತ್ತೇವೆ. ನಾವು ಮೊದಲು ಇಡ್ಲಿ ಕೇಳಿದ ಹೋಟೆಲಿನ ಗಲ್ಲಾದ ಹಿಂದೆ, ದೇವರ ಪಟದ ಪಕ್ಕದಲ್ಲಿ, ಈಗ ಅಂಥ ಮೂರು ಹಾಳೆಗಳು ಅಂಟಿಕೊಂಡಿವೆ. ಮೊದಲನೆಯದರಲ್ಲಿ ಏಡಿ ಬಿಲ 11, ಪ್ಲಾಸ್ಟಿಕ್ 23. ಎರಡನೆಯದರಲ್ಲಿ 14, 19. ಮೂರನೆಯದರಲ್ಲಿ ಬಿಲ 9ಕ್ಕೆ ಇಳಿದಿದೆ. ಯಾಕೆ ಕಡಿಮೆಯಾಯಿತು ಎಂದು ಧನಿಗಳು ನನ್ನನ್ನು ಕೇಳಿದರು. ಮುಂದಿನ ತದಿಗೆ ಭಾನುವಾರವೇ ಬರುತ್ತದೆ, ನೀವೇ ಬಂದು ನೋಡಿ ಎಂದಿದ್ದೇನೆ.